ಠಿಕಾನಾ

ಬಂಗಾಳಿಯಲ್ಲಿ ವಿಳಾಸಕ್ಕೆ ‘ಠಿಕಾನಾ’ ಎನ್ನುತ್ತಾರೆ. ನಮ್ಮ ‘ಠಿಕಾಣಿ’ಗೆ ಅದು ಒಡಹುಟ್ಟು. ಆದರೆ ಕನ್ನಡದಲ್ಲಿ ಠಿಕಾಣಿ ಹೂಡುವುದೆಂದರೆ ಎಲ್ಲಿಂದಲೋ ಬಂದು ಬೀಡುಬಿಡುವುದು. ಬೀಡುಬಿಟ್ಟವರಿಗೆಲ್ಲ ವಿಳಾಸ ದಕ್ಕುವುದಿಲ್ಲ ಎಂಬುದನ್ನು ಕೋಲ್ಕತ್ತೆಯಲ್ಲಿ ನನಗೆ ತಿಳಿಸಿದ್ದು ಹದಿನಾಲ್ಕು ತಿಂಗಳ ಒಂದು ಹೆಣ್ಣುಮಗು.

ಮಗುವಿನ ತಾಯಿ ನಮ್ಮ ಮನೆಗೆಲಸಕ್ಕೆ ಬರುತ್ತಿದ್ದಳು. ಊರು ಸುಂದರಬನದ ಗೋಸಾಬಾ ಕಡೆಯ ಒಂದು ದ್ವೀಪ. 2009ರ ಐಲಾ ಚಂಡಮಾರುತದಲ್ಲಿ ಗದ್ದೆಗೆ ಉಪ್ಪುನೀರು ನುಗ್ಗಿತ್ತು. 2020ರ ಮೇ ತಿಂಗಳಲ್ಲಿ ಆಂಫಾನ್ ಅಪ್ಪಳಿಸಿದಾಗ ಈ ಮಗು ಹೊಟ್ಟೆಯಲ್ಲಿತ್ತು. ಮರುವರ್ಷದ ಯಾಸ್ ಉಳಿದಿದ್ದ ಮನೆಯನ್ನೂ ಮನೆಯೊಳಗಿನ ಕಾಗದಪತ್ರಗಳನ್ನೂ ಒಯ್ದಿತು. ಗಂಡ ಹೆಂಡತಿ ಕೂಸನ್ನೆತ್ತಿಕೊಂಡು ನಗರಕ್ಕೆ ಬಂದು, ಕಾಲುವೆಯ ದಂಡೆಯಲ್ಲಿ ಟಾರ್ಪಾಲಿನ ಗುಡಿಸಲು ಹಾಕಿಕೊಂಡರು.

ಕೂಸು ಹಾಲು ಕುಡಿಯುವಾಗ ಬೆವರುತ್ತಿತ್ತು. ಮೈ ಹಿಡಿಯುತ್ತಿರಲಿಲ್ಲ. ಮೇಲಿಂದ ಮೇಲೆ ನ್ಯುಮೋನಿಯಾ. ಎಕೋ ಪರೀಕ್ಷೆಯಲ್ಲಿ ಹೃದಯದ ಕೆಳಗಿನ ಎರಡು ಕೋಣೆಗಳ ನಡುವಣ ಗೋಡೆಯಲ್ಲಿ ದೊಡ್ಡ ರಂಧ್ರ ಕಾಣಿಸಿತು. ಆ ರಂಧ್ರದಿಂದಾಗಿ ಶ್ವಾಸಕೋಶಕ್ಕೆ ಹೆಚ್ಚು ರಕ್ತ, ಹೆಚ್ಚಿನ ಒತ್ತಡದಲ್ಲಿ ನುಗ್ಗುತ್ತದೆ. ಕಾಲ ಕಳೆದಂತೆ ಅಲ್ಲಿಯ ರಕ್ತನಾಳಗಳು ಗಡುಸಾಗುತ್ತವೆ. ಒಂದು ಹಂತ ದಾಟಿದರೆ ರಂಧ್ರವನ್ನು ಮುಚ್ಚುವುದೇ ಅಪಾಯ. ವೈದ್ಯರು ಹೇಳಿದ್ದಿಷ್ಟು: “ತಡಮಾಡಬೇಡಿ.”

ಈ ನಗರದಲ್ಲಿ ವಿದ್ಯೆಗೆ ಕೊರತೆಯಿರಲಿಲ್ಲ. ನಮ್ಮ ಕಿನ್ನಿಗೋಳಿಯ ಡಾ. ದೇವಿ ಶೆಟ್ಟಿಯವರು 1989ರಲ್ಲಿ ಇಲ್ಲಿಗೆ ಬಂದು, 1992ರಲ್ಲಿ, ಹುಟ್ಟಿ ಕೆಲವೇ ದಿನಗಳಾಗಿದ್ದ ಶಿಶುವಿನ ಹೃದಯಕ್ಕೆ ಶಸ್ತ್ರಚಿಕಿತ್ಸೆ ಮಾಡಿದ್ದರು. ಹಣಕ್ಕೂ ದಾರಿಯಿತ್ತು. ಮಕ್ಕಳ ಹೃದಯ ಶಸ್ತ್ರಚಿಕಿತ್ಸೆಯನ್ನು ಉಚಿತವಾಗಿ ಮಾಡಿಸುವ ‘ಶಿಶು ಸಾಥಿ’ ಯೋಜನೆಯನ್ನು ಪಶ್ಚಿಮ ಬಂಗಾಳ ಸರ್ಕಾರ 2013ರಲ್ಲೇ ಆರಂಭಿಸಿತ್ತು. ಇಲ್ಲದಿದ್ದದ್ದು ಕಾಗದ. ಜನನ ಪ್ರಮಾಣಪತ್ರ ನೀರುಪಾಲಾಗಿತ್ತು, ಗುಡಿಸಲಿಗೆ ನಂಬರಿರಲಿಲ್ಲ.

ಕೋವಿಡ್ ಕಾಲದಲ್ಲಿ ನಿಂತಿದ್ದ ಲೋಕಲ್ ರೈಲುಗಳು ಮತ್ತೆ ಓಡತೊಡಗಿದ್ದ ನವೆಂಬರ್ ಅದು. ಸಿಯಾಲ್ದಾದಿಂದ ಕ್ಯಾನಿಂಗಿಗೆ ರೈಲು, ಅಲ್ಲಿಂದ ಗೋಡ್‌ಖಾಲಿಗೆ ಆಟೋ, ಮುಂದೆ ದೋಣಿ. ಮಗುವಿನ ತಂದೆಯೊಂದಿಗೆ ಹೋದೆ. ವಯಸ್ಸಾದ ಗುಮಾಸ್ತರೊಬ್ಬರು ನೀರುಂಡು ಉಬ್ಬಿದ ರಿಜಿಸ್ಟರಿನ ಹಾಳೆಗಳನ್ನು ಒಂದೊಂದಾಗಿ ಬಿಡಿಸಿ ಮಗುವಿನ ಹೆಸರು ಹುಡುಕಿದರು. ಸಿಕ್ಕಿದಾಗ ನಮಗಿಂತ ಹೆಚ್ಚು ಸಂತೋಷಪಟ್ಟವರು ಅವರೇ.

ಅರ್ಜಿಯಲ್ಲಿ ‘ಈಗಿನ ವಿಳಾಸ’ ಎಂಬ ಸಾಲೊಂದು ಉಳಿದಿತ್ತು. ತಾಯಿ ಮೆಲ್ಲಗೆ ಕೇಳಿದಳು: “ದಿದಿ, ನಿಮ್ಮ ಠಿಕಾನಾ ಬರೆಯಲೇ?”

ನಾನು ತಕ್ಷಣ ಹೂಂ ಎನ್ನಲಿಲ್ಲ. ನಾವೂ ಬಾಡಿಗೆಯವರು, ಮನೆಯ ಮಾಲೀಕರು ಏನೆಂದಾರು, ನಾಳೆ ಯಾವ ವಿಚಾರಣೆ ಬಂದೀತು ಎಂದು ಎರಡು ದಿನ ಕಳೆದೆ. ಮೂರನೆಯ ಬೆಳಗ್ಗೆ ಅವಳು ಕೆಲಸಕ್ಕೆ ಬರಲಿಲ್ಲ. ಮಗುವಿಗೆ ಮತ್ತೆ ಜ್ವರ. ಉಸಿರೆಳೆದಾಗಲೆಲ್ಲ ಪಕ್ಕೆಲುಬುಗಳ ನಡುವೆ ಗುಳಿ ಬೀಳುತ್ತಿದ್ದುದನ್ನು ಆ ಗುಡಿಸಲಿನಲ್ಲಿ ಕಂಡೆ. ಅಲ್ಲೇ ಕುಳಿತು ವಿಳಾಸ ಬರೆದೆ. ಮಾಲೀಕರಿಗೆ ಸಂಜೆ ತಿಳಿಸಿದಾಗ ಅವರೆಂದದ್ದು, “ಇಷ್ಟು ದಿನ ಯಾಕೆ ಕಾದಿರಿ?” ಈ ಪ್ರಶ್ನೆಗೆ ನನ್ನಲ್ಲಿ ಈಗಲೂ ಉತ್ತರವಿಲ್ಲ.

ಜ್ವರ ಇಳಿದು, ಎದೆ ತಿಳಿಯಾಗುವವರೆಗೆ ಕಾಯಬೇಕಾಯಿತು. ಜನವರಿಯಲ್ಲಿ ಹೃದಯದ ಕೆಲಸವನ್ನು ಕೆಲಹೊತ್ತು ಯಂತ್ರಕ್ಕೆ ವಹಿಸಿ, ರಂಧ್ರಕ್ಕೆ ತೇಪೆ ಹಾಕಿದರು. ಹೊರಗಿನ ಬೆಂಚಿನಲ್ಲಿ ಬಾಂಗ್ಲಾದೇಶದಿಂದ ಬಂದ ಒಬ್ಬ ತಂದೆ, ಅಸ್ಸಾಮಿನ ಒಬ್ಬ ಅಜ್ಜಿ, ನಾವು. ಯಾರೂ ಯಾರ ಊರನ್ನೂ ಕೆದಕಲಿಲ್ಲ. ಫ್ಲಾಸ್ಕಿನ ಚಹಾ ಮಾತ್ರ ಕೈಯಿಂದ ಕೈಗೆ ಹೋಯಿತು.

ಮಗು ಈಗ ಓಡುತ್ತಾಳೆ. ಕಳೆದ ವರ್ಷ ನಾವು ಮನೆ ಬದಲಾಯಿಸಿದಾಗ, ಹೊಸ ವಿಳಾಸ ತಿಳಿಸಬೇಕಾದವರ ಪಟ್ಟಿ ಮಾಡಿದೆವು: ಬ್ಯಾಂಕು, ಗ್ಯಾಸು, ಊರಿನ ಅಣ್ಣ. ಎಲ್ಲಕ್ಕಿಂತ ಮೇಲೆ, ಮೊದಲ ಸಾಲಿನಲ್ಲಿ, ಆಸ್ಪತ್ರೆ. ಅವಳ ತಪಾಸಣೆಯ ಕಾಗದ ಇನ್ನೂ ನಮ್ಮ ಠಿಕಾನಾಕ್ಕೇ ಬರುತ್ತದೆ.