ಮುಂದಿನ ಪಾಳಿ
ನರಗುಂದದ ಎರೆಹೊಲದಲ್ಲಿ ಸೀತನಿ ಸುಡುತ್ತ ಕೂತಿದ್ದೆವು. ಗಜೇಂದ್ರಗಡದ ನೇಕಾರ ಗೆಳೆಯ ಮಾತ್ರ ಒಂದು ಕಾಳೂ ಬಾಯಿಗೆ ಹಾಕಲಿಲ್ಲ. ಅವನ ಅಜ್ಜ, ಅಪ್ಪ ಇಬ್ಬರೂ ಹೊಟ್ಟೆ ಬೇನೆಯಲ್ಲೇ ಹೋದವರು. ಈಗ ನಲವತ್ತು ಮುಟ್ಟದ ಅಣ್ಣನಿಗೆ ಹುಬ್ಬಳ್ಳಿಯಲ್ಲಿ ದೊಡ್ಡ ಕರುಳಿನ ಗಡ್ಡೆ ತೆಗೆದಿದ್ದರು.

"ನಮ್ಮ ಮನಿತನಕ್ಕ ಶಾಪ ಐತಿ. ಮುಂದಿನ ಪಾಳಿ ನಂದು."

ಜೊತೆಗಿದ್ದ ರೋಣದ ಡಾಕ್ಟರು ಸಮಾಧಾನ ಹೇಳುವ ಪೈಕಿ ಅಲ್ಲ. "ಹಿಂಗ ಅಂದಾಕಿ ಇನ್ನೊಬ್ಬಾಕಿ ಇದ್ದಳು, ತಮ್ಮಾ" ಅಂತ ಶುರು ಹಚ್ಚಿದರು. 1895, ಅಮೆರಿಕದ ಆನ್ ಆರ್ಬರ್. ಬಟ್ಟೆ ಹೊಲಿಯುವ ಹೆಣ್ಣುಮಗಳೊಬ್ಬಳು ವೈದ್ಯ ಆಲ್ಡ್ರೆಡ್ ವಾರ್ಥಿನ್‌ಗೆ ಹೇಳಿದಳಂತೆ: ನಮ್ಮವರೆಲ್ಲ ಹೊಟ್ಟೆ, ಕರುಳು, ಇಲ್ಲ ಗರ್ಭಕೋಶದ ಕ್ಯಾನ್ಸರಿನಿಂದ ಸಾಯುತ್ತಾರೆ, ನಾನೂ ಹಾಗೇ. ಹಾಗೇ ಸತ್ತಳು. ವಾರ್ಥಿನ್ ಅವಳ ಮಾತು ತಳ್ಳಿಹಾಕದೆ ವಂಶಾವಳಿ ಕೂಡಿಸಿ 1913ರಲ್ಲಿ ಪ್ರಕಟಿಸಿದ. 1960ರ ದಶಕದಲ್ಲಿ ಹೆನ್ರಿ ಲಿಂಚ್ ಅಂಥವೇ ಮನೆತನಗಳ ಬೆನ್ನು ಹತ್ತಿದ. ರೋಗಕ್ಕೆ ಅವನ ಹೆಸರೇ ಬಿತ್ತು. ಕೆಟ್ಟರೆ ಆ ರೋಗ ತರುವ ಎಂಎಸ್‌ಎಚ್2 ಜೀನ್ ಸಿಕ್ಕಿದ್ದು 1993ರಲ್ಲಿ. ಆ ಹೆಣ್ಣುಮಗಳ ವಂಶದಲ್ಲಿ ಕೆಟ್ಟಿದ್ದೂ ಅದೇ ಅಂತ ಆಮೇಲೆ ಗೊತ್ತಾಯಿತು.

"ಆ ಜೀನ್ ಮಾಡೋದೇನ್ರಿ?"

"ಮಗ್ಗದಾಗ ಎಳಿ ತಪ್ಪಿದ್ರ ನೀ ಬಿಚ್ಚಿ ಮತ್ತ ನೇಯ್ತಿಯಲ್ಲ, ಅದನ್ನ. ಜೀವಕೋಶ ಒಡದು ಎರಡಾಗೂ ಮುಂದ ಡಿಎನ್‌ಎ ನಕಲು ಆಗತೈತಿ, ಅಕ್ಷರ ತಪ್ಪತಾವ. ಎಂಎಸ್‌ಎಚ್2, ಎಂಎಲ್‌ಎಚ್1 ಇವೆಲ್ಲ ತಪ್ಪು ಹಿಡದು ತಿದ್ದತಾವ. ಇವಕ್ಕ ಒಂದೊಂದಕ್ಕೂ ಎರಡು ಪ್ರತಿ. ಈ ರೋಗದ ಮನಿತನದಾಗ ಕೆಲವರಿಗೆ ಒಂದು ಹುಟ್ಟಾನ ಕೆಟ್ಟಿರತೈತಿ. ಕರುಳಿನ ಯಾವುದೋ ಕೋಶದಾಗ ಇನ್ನೊಂದೂ ಹೋತು, ಅಲ್ಲಿಗೆ ತಿದ್ದೋರಿಲ್ಲ, ತಪ್ಪಿನ ಮ್ಯಾಲೆ ತಪ್ಪು."

"ನನಗೂ ಬಂದಿರತೈತಿ?"

"ಅರ್ಧಕ್ಕರ್ಧ. ಅಪ್ಪ ನಿನಗ ಕೆಟ್ಟ ಪ್ರತಿ ಕೊಟ್ಟಾನೋ ಚೊಲೋದು ಕೊಟ್ಟಾನೋ, ಅಷ್ಟ. ಶಾಪಕ್ಕ ಪಾಳಿ ಇರತೈತಿ, ಇದಕ್ಕಿಲ್ಲ."

ಮೊದಲು ಅಣ್ಣನ ರಕ್ತ ಪರೀಕ್ಷೆ, ದೋಷ ಸಿಕ್ಕರೆ ಆಮೇಲೆ ಒಡಹುಟ್ಟಿದವರದು ಎಂದರು ಡಾಕ್ಟರು. ಅವನ ಅವ್ವ ಮಾತ್ರ ಒಪ್ಪಲಿಲ್ಲ: ಮಗಳ ಲಗ್ನ ಆಗಲಿ, ಊರಿಗೆ ಗೊತ್ತಾದರೆ ಯಾರು ಬರ್ತಾರೆ? ಬೀಗತನಕ್ಕೆ ಕೂತಾಗ ಬೆಡಗು ಕೇಳುವ ನಾವು, ಹಿರಿಯರು ಯಾವ ಬೇನೆಯಲ್ಲಿ, ಯಾವ ವಯಸ್ಸಿಗೆ ಹೋದರು ಅನ್ನೋದನ್ನ ಮುಚ್ಚಿಡುತ್ತೇವೆ. ಆಕೆಯ ಅಂಜಿಕೆ ಸುಳ್ಳಲ್ಲ. ಆದರೂ ಲಗ್ನಕ್ಕೆ ಕಾಯುತ್ತ ಒಂದು ವರ್ಷ ಸುಮ್ಮನೆ ಹೋಯಿತು ಅಂತ ನನಗೆ ಇವತ್ತಿಗೂ ಸಿಟ್ಟಿದೆ.

ಲಗ್ನ ಮುಗಿದ ಮೇಲೆ ಪರೀಕ್ಷೆ ಆಯಿತು. ಅಣ್ಣನಲ್ಲಿ ಎಂಎಲ್‌ಎಚ್1 ಕೆಟ್ಟಿತ್ತು. ಪಾಳಿ ನಂದು ಅಂದಿದ್ದ ಗೆಳೆಯನಿಗೆ ಬಂದಿರಲಿಲ್ಲ. ಅವನ ಮಕ್ಕಳಿಗೂ ಅವನಿಂದ ಬರುವುದಿಲ್ಲ. ತಂಗಿಗೆ ಬಂದಿತ್ತು. ಗಂಡನಿಗೆ ತಾನೇ ಹೇಳಿದಳು. ಈಗ ವರ್ಷಕ್ಕೊಮ್ಮೆ ಅಣ್ಣ-ತಂಗಿ ಇಬ್ಬರೂ ಹುಬ್ಬಳ್ಳಿ ಬಸ್ಸು ಹತ್ತಿ ಕೊಲೊನೋಸ್ಕೋಪಿ ಮಾಡಿಸಿಕೊಂಡು ಬರುತ್ತಾರೆ. ಒಮ್ಮೆ ಒಬ್ಬರ ಕರುಳಲ್ಲಿ ಸಣ್ಣದೊಂದು ಪಾಲಿಪ್, ಅಂದರೆ ಗಂಟು, ಕಂಡಿತ್ತು. ಗಡ್ಡೆಯಾಗುವ ಮೊದಲೇ ಅಲ್ಲೇ ಕತ್ತರಿಸಿ ತೆಗೆದರು.