ಅಂಗಳಕ್ಕೆ ಬಂದ ಎಂಜಿನ್ ಸ್ಟ್ಯಾಂಡು

ಅಕ್ಕ ತಂಗೀರೆ, ಈ ಸಲ ಹಪ್ಪಳ ಸಂಡಿಗೆ ಮಾತಲ್ಲ. ಹಿರಿಯೂರಿನ ನಮ್ಮನೆಗೆ ಕಾರಿನ ಎಂಜಿನ್ ಕೂರಿಸೋ ಸ್ಟ್ಯಾಂಡ್ ಬಂದೈತೆ. ಬೀದಿಯೋರೆಲ್ಲ "ಇದೇನ್ರೀ, ಜಿಮ್ ಸಾಮಾನಾ?" ಅಂತ ಕೇಳ್ತಾರೆ. ಅದಕ್ಕೇ ಎಲ್ಲರಿಗೂ ಒಟ್ಟಿಗೇ ಹೇಳಿಬಿಡ್ತೀನಿ.

ನಮ್ಮ ಮಾರುತಿ 800 ನಿಮಗೆ ಗೊತ್ತೇ ಐತೆ. ಹೊಸದುರ್ಗದ ತಂಗಿ ಮನೆಗೆ, ಹೊಳಲ್ಕೆರೆ ಗಣಪತಿಗೆ ಅದ್ರಾಗೇ ಓಡಾಡಿದ್ದು. 1983ರಾಗೆ ಬಂದ ಆ ಕಾರಿನ ತಯಾರಿಕೆ 2014ಕ್ಕೇ ನಿಂತೋಯ್ತು. ನಮ್ಮದು ಈಚೆಗೆ ನೀಲಿ ಹೊಗೆ ಬಿಡ್ತಿತ್ತು. ಆಯಿಲ್ಲೂ ಪೆಟ್ರೋಲ್ ಜೊತೆ ಉರಿದ್ರೆ ಹಂಗೆ ಬರ್ತೈತಂತೆ. ರಿಂಗ್ ಸವೆದಿರಬೇಕು ಅಂದ ನನ್ನ ಎರಡ್ನೇ ಮಗ. ಐಟಿಐ ಮುಗಿಸಿ ಗ್ಯಾರೇಜಿನಾಗೆ ದುಡಿಯೋನು. ಮನ್ಯಾಗೇ ಎಂಜಿನ್ ಇಳಿಸಿ ಬಿಚ್ತೀನಿ, ಇದು ಸರಿಯಾದ್ರೆ ಸ್ವಂತ ಕೆಲಸ ಶುರು ಮಾಡ್ತೀನಿ ಅಂತ ಅವನಾಸೆ.

ಹಳೇ ಟೈರಿನ ಮ್ಯಾಲೆ ಇಟ್ಕೊಂಡು ಬಿಚ್ಚಿದ್ರಾಯ್ತು ಅಂದ್ರು ಯಜಮಾನ್ರು. ಅವರಿಗೋ ಸೊಂಟದ ಡಿಸ್ಕ್ ತೊಂದ್ರೆ. ಹೊರಳಿಸೋವಾಗೆಲ್ಲ ಮಗ "ಅಪ್ಪಾ, ಒಂದು ಕೈ ಹಿಡಿ" ಅಂತಾನೆ, ಇವರು ಇಲ್ಲ ಅನ್ನೋರಲ್ಲ. ಇನ್ನು ಮೂರು ವರ್ಷದ ಮೊಮ್ಮಗಳು ನಿಂತಲ್ಲಿ ನಿಲ್ಲಲ್ಲ. ಸಂಘದ ಸಾಲ ತೆಗೆದು ಕಂತು ಕಟ್ಟೋಳು ನಾನು. "ಮೊದ್ಲು ಸ್ಟ್ಯಾಂಡ್ ಬರ್ಲಿ, ಆಮೇಲೆ ಎಂಜಿನ್ ಇಳೀಲಿ. ಆರಿಸೋಕೆ ನಾನೂ ಬರ್ತೀನಿ" ಅಂದೆ.

ದುರ್ಗದ ಅಂಗಡಿಯಾಗೆ ಎರಡು ತರದ್ದಿತ್ತು. ಮೂರು ಗಾಲಿದು ಅಗ್ಗ, ನಾಲ್ಕು ಗಾಲಿದು ದುಬಾರಿ. ಎರಡಕ್ಕೂ ನೆಟ್ಟಗೊಂದು ಕಂಬ, ಕಂಬದ ತಲೇಲಿ ತಿರುಗೋ ತಟ್ಟೆ, ತಟ್ಟೆಗೆ ನಾಲ್ಕು ತೋಳು. ಗೇರ್‌ಬಾಕ್ಸ್, ಕ್ಲಚ್, ಫ್ಲೈವೀಲ್ ತೆಗೆದು, ಗೇರ್‌ಬಾಕ್ಸ್ ಕೂರೋ ಕಡೆಯ ತೂತಿಗೇ ಆ ತೋಳುಗಳನ್ನ ಬೋಲ್ಟ್ ಮಾಡ್ತಾರೆ. ಗೂಟಕ್ಕೆ ಚೀಲ ನೇತಾಕಿದಂಗೆ ಎಂಜಿನ್ ಒಂದೇ ಕಡೆಯಿಂದ ಜೋತಾಡ್ತೈತೆ, ಭಾರವೆಲ್ಲ ಮುಂದಕ್ಕೆ.

"ಮಾರುತಿ ಎಂಜಿನ್ನಿಗೆ ಮೂರು ಗಾಲಿದೇ ಸಾಕಮ್ಮ, ತೂಕ ತಡೀತೈತೆ" ಅಂದ ಅಂಗಡಿಯೋನು. ತೂಕ ತಡೆಯೋದು ಬೇರೆ, ಬೀಳದೇ ಇರೋದು ಬೇರೆ. ಅದ್ರಾಗೆ ಮುಂದಕ್ಕಿರೋದು ಒಂದೇ ಗಾಲಿ. ಬಿಗಿಯಾದ ನಟ್ಟಿಗೆ ಉದ್ದನೆ ರಾಡ್ ಹಾಕಿ ಪಕ್ಕಕ್ಕೆ ಜಗ್ಗಿದ್ರೆ ವಾಲಲ್ವಾ? ಮಗನ್ನ ನೋಡ್ದೆ, ಅವನು ತಲೆಯಾಡಿಸ್ದ. ನಾಲ್ಕು ಗಾಲಿದೇ ಕಟ್ಟಿಸಿದ್ವಿ. ಬೆಸುಗೆ ಸುತ್ತಲೂ ತುಂಬೈತಾ, ಗಾಲಿಗೆ ಬ್ರೇಕ್ ಐತಾ, ಪಿನ್ ಪೂರ್ತಿ ಒಳಗೆ ಕೂರ್ತೈತಾ ಅಂತ ಅಲ್ಲೇ ನೋಡ್ಕೊಂಡ್ವಿ.

ಪಿನ್ ಯಾಕಂತೀರಾ? ಟಿಲ್ಟಿಂಗ್ ಗ್ರೈಂಡರ್ ನೆನೆಸ್ಕೊಳ್ಳಿ. ಹಿಟ್ಟು ತುಂಬಿದಾಗ ಲಾಕ್ ಬಿಟ್ರೆ ದಬಕ್ಕಂತ ವಾಲ್ತೈತಲ್ಲ, ಇದೂ ಹಂಗೇ. ಎಂಜಿನ್ನಿನ ಭಾರದ ನಡು ತಟ್ಟೆಯ ನಡುವಿಗೆ ಬರೋ ಹಂಗೆ ತೋಳು ಹೊಂದಿಸಿದ್ರೆ ಸಲೀಸಾಗಿ ತಿರುಗ್ತೈತೆ. ಇಲ್ಲಾಂದ್ರೆ ಪಿನ್ ಎಳೆದ ಕೂಡ್ಲೇ ಹೊರಳಿ ಬೆರಳು ಜಜ್ಜೋದೇ.

ನಮ್ಮ ಅಂಗಳ ಬಂಡೆಹಾಸಿಂದು. ಸಣ್ಣ ಗಾಲಿ ಸಂದಿಗೆ ಸಿಕ್ಕಿದ್ರೆ ಸ್ಟ್ಯಾಂಡ್ ಮುಗ್ಗರಿಸ್ತೈತೆ, ಅದಕ್ಕೇ ಅದರ ಜಾಗ ಹಿತ್ಲ ಶೆಡ್ಡಿನ ಸಿಮೆಂಟ್ ನೆಲ. ಎಂಜಿನ್ ಇಳಿಸಿದ್ದೂ ಅಲ್ಲೇ, ಬಾಡಿಗೆ ಚೈನ್ ಪುಲ್ಲಿಯಾಗೆ. ಭಾರ ಹೊತ್ತಾಗ ಸ್ಟ್ಯಾಂಡ್ ತಳ್ಳಂಗಿಲ್ಲ, ಕೆಳಗೆ ಕೈಕಾಲು ಇಡಂಗಿಲ್ಲ, ಶೆಡ್ಡಿನ ಬಾಗಿಲ ಚಿಲಕ ಮೊಮ್ಮಗಳ ಕೈಗೆ ಎಟುಕಂಗಿಲ್ಲ. ಆಯಿಲ್ ತೊಟ್ಟಿಕ್ಕೋಕೆ ನನ್ನ ಹಳೇ ಅಗಲದ ತಟ್ಟೆ ಕೊಟ್ಟೀನಿ.

ಈಗ ಬ್ಲಾಕ್ ಬೋರಿಂಗಿಗೆ ಹೋಗೈತೆ. ಯಜಮಾನ್ರು ಕುರ್ಚಿ ಹಾಕ್ಕೊಂಡು ಸ್ಪ್ಯಾನರ್ ಎತ್ತಿಕೊಡ್ತಾರೆ, ಬಗ್ಗೋ ಕೆಲಸ ತಪ್ಪೈತೆ. ಕಂತು ಇನ್ನೂ ಹತ್ತು ಬಾಕಿ. ಗಂಡಸರ ಸಾಮಾನು ಅಂತ ಸುಮ್ನೆ ಕೂರಬ್ಯಾಡ್ರಿ, ಮನೆಗೆ ಬರೋ ಭಾರದ ಸಾಮಾನು ಎಲ್ಲಿ ನಿಲ್ತೈತೆ, ಯಾವ ಕಡೆ ವಾಲ್ತೈತೆ ಅಂತ ಕೇಳ್ರಿ. ಹಿರಿಯೂರಿಗೆ ಬಂದಾಗ ನೋಡ್ಕೊಂಡು ಹೋಗ್ರಿ, ಕಾಫಿ ನಂದು.