ಓದುವ ಹುಡುಗಿಗೆ ಮನೆಯಲ್ಲಿ ಸ್ಥಳ

ಪಾಲಕರ ಮನೆಗಳಿಗೆ ಹೋದಾಗಲೆಲ್ಲ ನಾವು ಒಂದು ಪ್ರಶ್ನೆಯನ್ನು ತಪ್ಪದೆ ಕೇಳುವದುಂಟು: ನಿಮ್ಮ ಮಗಳು ಓದಲು ಕೂಡ್ರುವದೆಲ್ಲಿ? ಮುಳಗುಂದದ ಮನೆಗಳಲ್ಲಿ ಕಾಳಿಗೆ, ದನಗಳಿಗೆ, ಬಂದ ಬೀಗರಿಗೆ ಗೊತ್ತಾದ ಸ್ಥಳವಿರುತ್ತದೆ. ಹುಡುಗಿಯ ಪುಸ್ತಕಗಳು ಮಾತ್ರ ಇಂದು ಗೋಡೆಯ ಮಾಡದಲ್ಲಿ, ನಾಳೆ ನಾಗೊಂದಿಗೆಯ ಮೇಲೆ, ನಾಡದು ಜೋಳದ ಚೀಲದ ಹಿಂದೆ.

ಈ ಕಾರಣದಿಂದಲೇ ಹಾಲಂಡ ದೇಶದ ಮನೆಯೊಂದರ ವಿಷಯವು ನಮ್ಮ ಮನಸ್ಸನ್ನು ಬಹಳವಾಗಿ ಸೆಳೆಯಿತು. ಉಟ್ರೆಕ್ಟ್ ಪಟ್ಟಣದ ತ್ರೂಸ್ ಶ್ರೋಡರ್ ಎಂಬ ಮಹಿಳೆಯು 1923ರಲ್ಲಿ ಪತಿಯನ್ನು ಕಳೆದುಕೊಂಡ ಮೇಲೆ, ತನ್ನ ಮೂವರು ಮಕ್ಕಳೊಡನೆ ಇರಲು ಹೊಸ ಮನೆಯನ್ನು ಕಟ್ಟಿಸಲಿಚ್ಛಿಸಿದರು. ಆ ಕಾರ್ಯಕ್ಕೆ ಕರೆದದ್ದು ಗೆರಿಟ್ ರೀಟ್‌ಫೆಲ್ಡ್ ಎಂಬವರನ್ನು. ಇವರು ಬಡಿಗನ ಮಗ. ಚಿಕ್ಕಂದಿನಲ್ಲಿಯೇ ತಂದೆಯ ಕೈಕೆಳಗೆ ಕೆಲಸ ಕಲಿತವರು. 1918ರ ಸುಮಾರಿಗೆ ಅವರು ರಚಿಸಿದ ಕುರ್ಚಿಯಲ್ಲಿ ಎರಡು ಹಲಗೆಗಳು, ಕೆಲವು ನೆಟ್ಟಗಿನ ಪಟ್ಟಿಗಳು, ಇಷ್ಟೇ; ಕೆತ್ತನೆಯೆಂಬುದಿಲ್ಲ. ಮುಂದೆ ಅದರ ಬೆನ್ನಿಗೆ ಕೆಂಪು, ಪೀಠಕ್ಕೆ ನೀಲಿ ಬಣ್ಣ ಬಂದಿತು. (ಅದರಲ್ಲಿ ಕೂಡ್ರುವದು ಸುಖವೆಂದು ನಮಗೇನೂ ತೋರುವದಿಲ್ಲ.)

ಮನೆಯು 1924ರಲ್ಲಿ ಆಯಿತು. ಮೇಲಂತಸ್ತಿನಲ್ಲಿ ಸ್ಥಿರವಾದ ಗೋಡೆಗಳಿಗೆ ಬದಲು ಸರಿಯುವ ತಡಿಕೆಗಳು. ಹಗಲಲ್ಲಿ ಸರಿಸಿಬಿಟ್ಟರೆ ಒಂದೇ ವಿಶಾಲವಾದ ಪಡಸಾಲೆ. ರಾತ್ರಿ ಎಳೆದರೆ ಮಗನಿಗೊಂದು, ಇಬ್ಬರು ಹೆಣ್ಣುಮಕ್ಕಳಿಗೊಂದು, ತಾಯಿಗೊಂದು ಕೋಣೆ. ಕಟ್ಟಡದ ನಿಯಮಗಳಿಗೆ ಇದು ಒಗ್ಗದ್ದರಿಂದ ನಕ್ಷೆಯಲ್ಲಿ ಆ ಅಂತಸ್ತನ್ನು ಅಟ್ಟವೆಂದು ಬರೆದರು! ಹಿರಿಯರ ಮಾತುಕತೆಯಿಂದ ಮಕ್ಕಳನ್ನು ದೂರವಿಡಬಾರದು, ಆದರೂ ಅವರಿಗೆ ತಮ್ಮದೆಂಬ ಮೂಲೆಯಿರಬೇಕು ಎಂಬುದು ಆ ತಾಯಿಯ ಹಟವಾಗಿತ್ತು. ಮನೆಗೆ ಸೇರುವ ಮೇಜು, ಕಪಾಟು, ಮಂಚಗಳು ಈ ಹಟಕ್ಕೆ ತಕ್ಕಂತೆಯೇ ಯೋಜಿತವಾದವು. ಪಂಡಿತರು ರೀಟ್‌ಫೆಲ್ಡರನ್ನೇ ಹೊಗಳುವರು. ನಾವಾದರೋ ಅರ್ಧ ಕೀರ್ತಿಯನ್ನು ಆ ಗೃಹಿಣಿಗೆ ಸಲ್ಲಿಸುವೆವು. ಆಕೆ 1985ರಲ್ಲಿ ತೀರಿಕೊಳ್ಳುವವರೆಗೂ ಅದೇ ಮನೆಯಲ್ಲಿದ್ದರು. 2000ದಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ನಮ್ಮೂರಲ್ಲಿ ಅಂಥ ಮನೆ ಕಟ್ಟಿರೆಂದು ನಾವು ಪಾಲಕರಿಗೆ ಹೇಳುತ್ತಿಲ್ಲ. ಒಂದು ಹಲಗೆ ಸಾಕು. ಕಳೆದ ವರ್ಷ ನಮ್ಮ ಒಬ್ಬ ವಿದ್ಯಾರ್ಥಿನಿಯ ತಂದೆಯವರು, ಬಡಿಗನಿಂದ ಹಳೆಯ ಬಾಗಿಲಿನ ಹಲಗೆಗೆ ಬಿಜಾಗರಿ ಹಚ್ಚಿಸಿ, ಕಿಟಕಿಯ ಕೆಳಗೆ ಗೋಡೆಗೆ ಜೋಡಿಸಿದರು. ಎತ್ತಿ ಊರೆ ಕೊಟ್ಟರೆ ಮೇಜು, ಇಳಿಸಿದರೆ ಗೋಡೆ. ಮೂರನೆಯ ದಿನವೇ ಅಜ್ಜಿಯವರು ತಮ್ಮ ಎಲೆಯಡಿಕೆಯ ಚೀಲವನ್ನು ಅದರ ಮೇಲಿಟ್ಟರಂತೆ. ಹುಡುಗಿಯು ಅದನ್ನು ವಿನಯದಿಂದ ಕೆಳಗಿಳಿಸಿ, ತನ್ನ ಭೂಗೋಲದ ಪುಸ್ತಕವನ್ನು ತೆರೆದಳು.